ತಟ್ಟೆ ಓದುವ ಪೆಟ್ಟಿಗೆ: ಸಿಡಿ ಟ್ರಾನ್ಸ್‌ಪೋರ್ಟ್ ಕೊಳ್ಳುವ ಮುಂಚೆ

ಸಿಡಿ ಪ್ಲೇಯರಿನ ಹೊಟ್ಟೆಯೊಳಗೆ ಎರಡು ಯಂತ್ರಗಳಿರುತ್ತವೆ. ಒಂದು ತಟ್ಟೆಯನ್ನು ತಿರುಗಿಸಿ ಅದರಲ್ಲಿರುವುದನ್ನು ಓದುತ್ತದೆ. ಇನ್ನೊಂದು ಹಾಗೆ ಓದಿದ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುತ್ತದೆ. ಎರಡನೆಯದರ ಹೆಸರು ಡ್ಯಾಕ್. ಮೊದಲನೆಯದನ್ನಷ್ಟೇ ಬೇರೆ ಪೆಟ್ಟಿಗೆಯಲ್ಲಿ ಕೂರಿಸಿದರೆ ಅದೇ ಸಿಡಿ ಟ್ರಾನ್ಸ್‌ಪೋರ್ಟ್. 1982ರಲ್ಲಿ ಸೋನಿಯ ಸಿಡಿಪಿ-101 ಜಪಾನಿನ ಅಂಗಡಿಗಳಿಗೆ ಬಂತು. ಆ ದಶಕ ಮುಗಿಯುವುದರೊಳಗೇ ಎರಡನ್ನೂ ಬೇರ್ಪಡಿಸಿ ಮಾರುವುದು ಶುರುವಾಯಿತು. ಆಗ ಅದು ದುಬಾರಿ ಹವ್ಯಾಸ. ಈಗ ಡ್ಯಾಕ್ ಆಂಪ್ಲಿಫೈಯರಿನೊಳಗೇ ಕೂತಿರುತ್ತದೆ, ಇಂಟರ್‌ನೆಟ್ಟಿನಿಂದ ಹಾಡು ತರುವ ಸ್ಟ್ರೀಮರಿನಲ್ಲಿರುತ್ತದೆ, ಅಂಗೈಯಗಲದ ಪೆಟ್ಟಿಗೆಯಾಗಿಯೂ ಸಿಗುತ್ತದೆ. ಕಪಾಟಿನ ತುಂಬ ಸಿಡಿ ಇಟ್ಟುಕೊಂಡು, ಹಳೆಯ ಪ್ಲೇಯರ್ ಕೈಕೊಟ್ಟು ಕೂತವರಿಗೆ ಬೇಕಿರುವುದು ಓದುವ ಯಂತ್ರವೊಂದೇ.

ಟ್ರಾನ್ಸ್‌ಪೋರ್ಟ್ ಬದಲಿಸಿದರೆ ದನಿಗೆ ಜೀವ ಬರುತ್ತದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ ಎನ್ನುವವರಿದ್ದಾರೆ. ಅಂಕಿ ಅಂಕಿಯೇ, ಯಾವ ಡಬ್ಬದಿಂದ ಬಂದರೇನು ಎನ್ನುವವರೂ ಇದ್ದಾರೆ. ಇಬ್ಬರ ಮಾತಿಗೂ ಆಧಾರವಿದೆ, ಆದರೆ ಬೇರೆ ಬೇರೆ ಸಂದರ್ಭದಲ್ಲಿ. ಯಾವ ಸಂದರ್ಭ ನಿಮ್ಮದು ಎಂದು ತಿಳಿದುಕೊಳ್ಳದೆ ಹಣ ಕೊಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಟ್ರಾನ್ಸ್‌ಪೋರ್ಟನ್ನು ಅದರ ದನಿ ನಂಬಿ ಕೊಳ್ಳಬಾರದು. ಅದು ಎಂಥೆಂಥ ತಟ್ಟೆಗಳನ್ನು ಓದುತ್ತದೆ, ಎಷ್ಟು ವರ್ಷ ಓದುತ್ತದೆ, ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ, ಇದನ್ನು ನೋಡಿ ಕೊಳ್ಳಬೇಕು.

ಓದುವ ಕೆಲಸ ಎಂಥದ್ದು ಎಂದು ಒಮ್ಮೆ ಹತ್ತಿರದಿಂದ ನೋಡಿದರೆ ಈ ಮಾತು ತಾನಾಗಿಯೇ ಒಪ್ಪಿಗೆಯಾಗುತ್ತದೆ. ಸಿಡಿಯ ಮೇಲಿನ ಸುರುಳಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ 1.6 ಮೈಕ್ರಾನ್ ಅಂತರ. ತಲೆಗೂದಲೊಂದನ್ನು ಅಡ್ಡ ಇಟ್ಟರೆ ಅದರ ಕೆಳಗೆ ಸುಮಾರು 40 ಸುತ್ತು ಮುಚ್ಚಿಹೋಗುತ್ತವೆ. 780 ನ್ಯಾನೋಮೀಟರಿನ ಲೇಸರ್ ಆ ಗೆರೆಯ ಮೇಲೆಯೇ ನಿಲ್ಲಬೇಕು. ತಟ್ಟೆ ಎಂದೂ ಪೂರ್ತಿ ಚಪ್ಪಟೆಯಿರುವುದಿಲ್ಲ, ನಡುವಿನ ತೂತು ಎಂದೂ ಪೂರ್ತಿ ನಡುವಿನಲ್ಲಿರುವುದಿಲ್ಲ. ಹಾಗಾಗಿ ತಟ್ಟೆ ತಿರುಗುವಾಗ ಗೆರೆ ಅತ್ತಿತ್ತ, ಮೇಲೆ ಕೆಳಗೆ ಓಲಾಡುತ್ತಲೇ ಇರುತ್ತದೆ. ಲೆನ್ಸನ್ನು ಹಿಡಿದಿರುವ ಪುಟ್ಟ ಸುರುಳಿತಂತಿಗಳು ಪ್ರತಿ ಕ್ಷಣವೂ ಅದನ್ನು ಎಳೆದು ತಳ್ಳಿ ಆ ಓಲಾಟವನ್ನು ಹಿಂಬಾಲಿಸುತ್ತವೆ. ತಟ್ಟೆಯ ವೇಗವೂ ಒಂದೇ ಅಲ್ಲ: ಒಳ ಅಂಚಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿಗೆ ಬರುವಷ್ಟರಲ್ಲಿ 200. ಇದೆಲ್ಲವನ್ನೂ ನಿಭಾಯಿಸುವ ಸರ್ಕೀಟಿಗೆ ಸರ್ವೋ ಎಂದು ಹೆಸರು. ಟ್ರಾನ್ಸ್‌ಪೋರ್ಟಿಗೆ ಕೊಡುವ ಬೆಲೆ ಮುಖ್ಯವಾಗಿ ಲೆನ್ಸ್, ಮೋಟಾರು ಮತ್ತು ಈ ಸರ್ವೋಗೆ ಸಲ್ಲಬೇಕು. ಮುಂಬದಿಯ ದಪ್ಪ ಅಲ್ಯೂಮಿನಿಯಂ ಫಲಕಕ್ಕಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ತಪ್ಪುಗಳು ಆಗುತ್ತಲೇ ಇರುತ್ತವೆ, ಆಗಲೆಂದೇ ವ್ಯವಸ್ಥೆಯಿದೆ. ಸಿಡಿಯಲ್ಲಿ ಮಾಹಿತಿ ಸೆಕೆಂಡಿಗೆ 7350 ತುಣುಕುಗಳಾಗಿ ಬರುತ್ತದೆ. ಸಿಡಿಯ ಮೂಲ ನಿಯಮಾವಳಿಯಾದ ರೆಡ್ ಬುಕ್ ಪ್ರಕಾರ ಅವುಗಳಲ್ಲಿ ಸೆಕೆಂಡಿಗೆ ಸರಾಸರಿ 220ರಲ್ಲಿ ದೋಷವಿದ್ದರೂ ತಟ್ಟೆ ಸರಿಯಾದದ್ದೇ. ರೀಡ್-ಸಾಲಮನ್ ಸಂಕೇತ ಅದನ್ನು ಪೂರ್ತಿಯಾಗಿ ತಿದ್ದುತ್ತದೆ. ಪೂರ್ತಿಯಾಗಿ ಎಂದರೆ ಅಂದಾಜು ಮಾಡಿ ಅಲ್ಲ, ಮೂಲದಲ್ಲಿ ಇದ್ದ ಬಿಟ್ಟುಗಳೇ (0, 1 ಎಂಬ ಅಂಕಿಗಳೇ) ಮರಳಿ ಬರುತ್ತವೆ. ಗೆರೆಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಮಾಹಿತಿ ಅಳಿಸಿಹೋದರೂ ಈ ಲೆಕ್ಕ ಅದನ್ನು ಕಟ್ಟಿಕೊಡಬಲ್ಲದು. ಅದಕ್ಕೂ ಮೀರಿದರೆ ಯಂತ್ರ ಅಕ್ಕಪಕ್ಕದ ಮೌಲ್ಯ ನೋಡಿ ಊಹಿಸುತ್ತದೆ. ಊಹೆಗೂ ನಿಲುಕದಿದ್ದರೆ ಕ್ಷಣಕಾಲ ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಟಿಕ್ಕೆಂದು ಹಾರುತ್ತದೆ.

ಇದರ ಅರ್ಥ ಇಷ್ಟು. ಚೊಕ್ಕ ತಟ್ಟೆ, ಆರೋಗ್ಯವಾಗಿರುವ ಲೇಸರ್ ಎರಡೂ ಇದ್ದರೆ ಅಗ್ಗದ ಯಂತ್ರವೂ ದುಬಾರಿ ಯಂತ್ರವೂ ಹೊರಗೆ ಕಳಿಸುವ ಬಿಟ್ಟುಗಳು ಒಂದೇ. ವ್ಯತ್ಯಾಸ ಹುಟ್ಟುವುದು ತಟ್ಟೆ ಗೀರಿದಾಗ, ಬಾಗಿದಾಗ, ಮನೆಯಲ್ಲಿ ಬರೆದ ಸಿಡಿ-ಆರ್ ಆದಾಗ, ಅಥವಾ ಲೇಸರ್ ದಣಿದಾಗ. ದಣಿದ ಲೇಸರಿನ ಯಂತ್ರ ಒಮ್ಮೆಲೇ ನಿಲ್ಲುವುದಿಲ್ಲ. ಅದು ಮೊದಲು ಹೆಚ್ಚುಹೆಚ್ಚಾಗಿ ಊಹಿಸತೊಡಗುತ್ತದೆ. ಹಳೆಯ ಪ್ಲೇಯರ್ ತೆಗೆದು ಹೊಸ ಟ್ರಾನ್ಸ್‌ಪೋರ್ಟ್ ಇಟ್ಟಕೂಡಲೇ ತಾಳದ ಅಂಚು ಚುರುಕಾಯಿತು ಎನ್ನುವವರಲ್ಲಿ ಕೆಲವರಿಗೆ ನಿಜವಾಗಿ ಆಗಿರುವುದು ಇದೇ. ಹೊಸದು ಮೇಲಾಗಿರುವುದಕ್ಕಿಂತ ಹಳೆಯದು ಸೊರಗಿತ್ತು ಎನ್ನುವುದು ಸರಿ.

ಇನ್ನು ಜಿಟ್ಟರ್, ಅಂದರೆ ಅಂಕಿಗಳು ಬರುವ ತಾಳದಲ್ಲಿನ ನಡುಕ. ಟ್ರಾನ್ಸ್‌ಪೋರ್ಟಿನಿಂದ ಡ್ಯಾಕಿಗೆ ಹೋಗುವ ಎಸ್‌ಪಿಡಿಫ್ ಎಂಬ ಡಿಜಿಟಲ್ ದನಿಯ ತಂತಿಯಲ್ಲಿ ಅಂಕಿಗಳ ಜೊತೆಗೇ ಸಮಯದ ಗುರುತೂ ಬೆಸೆದುಕೊಂಡಿರುತ್ತದೆ, ಪ್ರತ್ಯೇಕ ಕ್ಲಾಕ್ ತಂತಿ ಇರುವುದಿಲ್ಲ. ಡ್ಯಾಕ್ ಆ ಹರಿವಿನಿಂದಲೇ ತಾಳ ಹಿಡಿಯಬೇಕು. ಕಳಿಸುವವನ ತಾಳ ನಡುಗಿದರೆ ಹಿಡಿಯುವವನದೂ ನಡುಗಬಹುದು. ಎಷ್ಟು ನಡುಗಿದರೆ ತೊಂದರೆ? 16 ಬಿಟ್ಟಿನಲ್ಲಿ ಪೂರ್ಣ ಮಟ್ಟದ 20 ಕಿಲೋಹರ್ಟ್ಸ್ ಸ್ವರಕ್ಕೆ ಅತಿ ಚಿಕ್ಕ ಮೆಟ್ಟಿಲಿನ ಅರ್ಧದಷ್ಟು ತಪ್ಪು ಬರಲು ಸುಮಾರು 120 ಪಿಕೋಸೆಕೆಂಡ್ ಸಾಕು. ಅದೇ 1 ಕಿಲೋಹರ್ಟ್ಸ್ ಸ್ವರಕ್ಕೆ ಅದರ 20 ಪಟ್ಟು, ಅಂದರೆ 2.4 ನ್ಯಾನೋಸೆಕೆಂಡ್ ಬೇಕು. ಸಂಗೀತದ ಬಲವೆಲ್ಲ ಇರುವುದು ಕೆಳಗಿನ ಸ್ವರಗಳಲ್ಲೇ. 20 ಕಿಲೋಹರ್ಟ್ಸ್‌ನಲ್ಲಿ ಪೂರ್ಣ ಮಟ್ಟದ ಸದ್ದು ಯಾವ ಕಛೇರಿಯಲ್ಲೂ ಬರುವುದಿಲ್ಲ.

ಇಲ್ಲಿ ನಿಮ್ಮ ಡ್ಯಾಕಿನ ವಯಸ್ಸು ಮುಖ್ಯವಾಗುತ್ತದೆ. 1980-90ರ ದಶಕಗಳ ಡ್ಯಾಕುಗಳಲ್ಲಿ, ಉದಾಹರಣೆಗೆ ಫಿಲಿಪ್ಸ್‌ನ ಟಿಡಿಎ1541 ಚಿಪ್ಪಿರುವವುಗಳಲ್ಲಿ, ಎಸ್‌ಪಿಡಿಫ್ ಹಿಡಿಯುವ ಭಾಗ ನಿಧಾನಗತಿಯ ನಡುಕವನ್ನು ತಡೆಯದೆ ಒಳಗೆ ಬಿಡುತ್ತಿತ್ತು. ಅಂಥದ್ದನ್ನು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಬಂದವರಿಗೆ ಟ್ರಾನ್ಸ್‌ಪೋರ್ಟಿನ ಕ್ಲಾಕ್ ಎಷ್ಟು ಸ್ಥಿರ ಎಂಬುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಈಚಿನ ಡ್ಯಾಕುಗಳಲ್ಲಿ ಹೆಚ್ಚಿನವು ಬಂದ ಅಂಕಿಗಳನ್ನು ತಮ್ಮದೇ ಕ್ಲಾಕಿಗೆ ಹೊಂದಿಸಿಕೊಳ್ಳುತ್ತವೆ. ಅವಕ್ಕೆ ಹೊರಗಿನ ನಡುಕ ಬಹುಮಟ್ಟಿಗೆ ತಾಗುವುದಿಲ್ಲ. ನಿಮ್ಮ ಡ್ಯಾಕ್ ಎರಡನೆಯ ಜಾತಿಯದಾದರೆ, ಒಳ್ಳೆಯ ಕ್ಲಾಕಿನ ಹೆಸರಲ್ಲಿ ಎರಡು ಪಟ್ಟು ಬೆಲೆ ಕೇಳುವ ಟ್ರಾನ್ಸ್‌ಪೋರ್ಟಿಗೆ ಹೋಗಬೇಡಿ. ಆ ಹಣ ಸ್ಪೀಕರಿಗೆ ಅಥವಾ ಕೋಣೆಯ ದಪ್ಪ ಪರದೆಗೆ ಹೋದರೆ ಕಿವಿಗೆ ಹೆಚ್ಚು ಲಾಭ.

ಕೊಳ್ಳುವ ಮುಂಚೆ ಖರ್ಚಿಲ್ಲದ ಒಂದು ಪ್ರಯೋಗವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಹಳೆಯ ಡಿವಿಡಿ ಪ್ಲೇಯರ್ ಧೂಳು ತಿನ್ನುತ್ತಿರುತ್ತದೆ. ಅದರ ಹಿಂಬದಿಯಲ್ಲಿ ಕೊಆಕ್ಸಿಯಲ್ ಎಂದು ಬರೆದಿರುವ, ಹೆಚ್ಚಾಗಿ ಕಿತ್ತಳೆ ಅಥವಾ ಕಪ್ಪು ಬಣ್ಣದ ತೂತಿದ್ದರೆ ಅದೇ ನಿಮ್ಮ ಮೊದಲ ಟ್ರಾನ್ಸ್‌ಪೋರ್ಟ್. ತಂತಿಯನ್ನು ಡ್ಯಾಕಿಗೆ ಕೊಡಿ. ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ ಮಾಡಿ, ಬಾಸ್, ಈಕ್ವಲೈಜರ್, ಕ್ಯಾರಿಯೋಕೆ, ಅಪ್‌ಸ್ಯಾಂಪ್ಲಿಂಗ್ ಎಲ್ಲವನ್ನೂ ಆಫ್ ಮಾಡಿ. ಸಿಡಿ ಹಾಕಿ ಡ್ಯಾಕಿನ ಮುಂಬದಿ ನೋಡಿ. 44.1 ಎಂದು ತೋರಿಸಬೇಕು, ಅದು ಸಿಡಿಯ ಸ್ಯಾಂಪಲ್ ದರ (ಸೆಕೆಂಡಿಗೆ 44,100 ಅಳತೆ). 48 ಎಂದು ತೋರಿಸಿದರೆ ಪ್ಲೇಯರ್ ಅಂಕಿಗಳನ್ನು ಒಳಗೇ ಬದಲಿಸುತ್ತಿದೆ ಎಂದರ್ಥ, ಅದು ಈ ಕೆಲಸಕ್ಕೆ ಬಾರದು. 44.1 ಬಂದು, ನಿಮ್ಮ ಈಗಿನ ಸಿಡಿ ಪ್ಲೇಯರಿಗಿಂತ ಸ್ಪಷ್ಟವಾಗಿ ಚೆನ್ನಾಗಿ ಕೇಳಿದರೆ, ಸುಧಾರಣೆ ಆಗಿರುವುದು ಡ್ಯಾಕಿನಿಂದ. ಆಗ ಟ್ರಾನ್ಸ್‌ಪೋರ್ಟಿನಿಂದ ಇನ್ನೆಷ್ಟು ನಿರೀಕ್ಷಿಸಬಹುದು ಎಂಬ ಅಂದಾಜು ಸಿಗುತ್ತದೆ: ಸದ್ದಿಲ್ಲದ ಓಟ, ಬೇಗ ತೆರೆಯುವ ಟ್ರೇ, ಹಠಮಾರಿ ತಟ್ಟೆಗಳನ್ನು ಓದುವ ಶಕ್ತಿ.

ಬಿಟ್ಟುಗಳು ಸರಿಯಾಗಿ ಬರುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳಲು ಎರಡು ದಾರಿ. ಡಿಟಿಎಸ್ ಸಿಡಿ (ಸುತ್ತುದನಿಯನ್ನು ಸಂಕೇತ ರೂಪದಲ್ಲಿ ತುಂಬಿದ ತಟ್ಟೆ) ಸಿಕ್ಕಿದರೆ ಸುಲಭ. ಅದನ್ನು ಹಾಕಿ ಹೋಮ್ ಥಿಯೇಟರ್ ರಿಸೀವರಿಗೆ ಕೊಡಿ. ರಿಸೀವರಿನಲ್ಲಿ ಡಿಟಿಎಸ್ ಎಂದು ಬಂದು ಹಾಡು ಕೇಳಿದರೆ ಬಿಟ್ಟುಗಳು ಕದಲಿಲ್ಲ. ಎಲ್ಲೋ ಒಂದು ಕಡೆ ವಾಲ್ಯೂಮ್ ಅಥವಾ ಸ್ಯಾಂಪಲ್ ದರ ಬದಲಾಗಿದ್ದರೆ ಬರೀ ಕೊರೆಯುವ ಗದ್ದಲ ಬರುತ್ತದೆ. ಡಿಟಿಎಸ್ ಸಿಡಿಯನ್ನು ಸಾಮಾನ್ಯ ಡ್ಯಾಕಿಗೆ ಕೊಟ್ಟರೂ ಅದೇ ಗದ್ದಲ, ಆದ್ದರಿಂದ ಮೊದಲು ವಾಲ್ಯೂಮ್ ತೀರ ಇಳಿಸಿಡಿ.

ಎರಡನೆಯ ದಾರಿಗೆ ಎಸ್‌ಪಿಡಿಫ್ ಒಳಬರುವ ಸೌಂಡ್ ಕಾರ್ಡ್ ಬೇಕು. ಅದರ ಕ್ಲಾಕನ್ನು ಒಳಗಿನದಕ್ಕೆ ಬಿಡದೆ ಎಸ್‌ಪಿಡಿಫ್‌ಗೆ ಕಟ್ಟಿ. 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಹಾಡನ್ನು ಕಂಪ್ಯೂಟರಿಗೆ ದಾಖಲಿಸಿ. ಅದೇ ಹಾಡನ್ನು ಕಂಪ್ಯೂಟರಿನ ಡ್ರೈವಿನಿಂದ ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶದಲ್ಲಿ ತೆಗೆಯಿರಿ. ಎರಡನ್ನೂ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಡಿದರ್ (ಸಣ್ಣ ಗದ್ದಲ ಬೆರೆಸುವ ಸೌಲಭ್ಯ) ಆಫ್ ಮಾಡಿ, ಮೊದಲ ಸ್ಯಾಂಪಲ್ ಎದುರುಬದುರು ಬರುವಂತೆ ಜರುಗಿಸಿ. ಡ್ರೈವಿನ ಆಫ್‌ಸೆಟ್‌ನಿಂದಾಗಿ ಕೆಲವು ನೂರು ಸ್ಯಾಂಪಲ್ ಹಿಂದೆಮುಂದೆ ಇರುತ್ತದೆ, ಗಾಬರಿ ಬೇಡ. ಈಗ ಒಂದನ್ನು ತಲೆಕೆಳಗು ಮಾಡಿ ಎರಡನ್ನೂ ಕೂಡಿಸಿ. ಉಳಿಯುವುದು ನೇರ ಗೆರೆಯಾದರೆ ಟ್ರಾನ್ಸ್‌ಪೋರ್ಟ್ ತನ್ನ ಕೆಲಸ ಪೂರ್ತಿ ಮಾಡಿದೆ. ಅಲ್ಲಲ್ಲಿ ಮುಳ್ಳುಗಳೆದ್ದರೆ ಅಲ್ಲೆಲ್ಲ ಊಹೆ ನಡೆದಿದೆ: ತಟ್ಟೆ ತೊಳೆದು ಮತ್ತೆ ನೋಡಿ. ಉದ್ದಕ್ಕೂ ಹಾಡಿನ ನೆರಳಿನಂಥ ಸದ್ದು ಉಳಿದರೆ ದಾರಿಯಲ್ಲಿ ಎಲ್ಲೋ ಅಂಕಿಗಳು ಬದಲಾಗುತ್ತಿವೆ.

ಈಗ ಯಂತ್ರದೊಳಗಿನ ಮಾತು. ಹಿಂದೆ ಸಿಡಿ ಓದುವ ಮೆಕಾನಿಸಂ ಮಾಡುವವರು ಹಲವರಿದ್ದರು. ಫಿಲಿಪ್ಸ್‌ನ ಸಿಡಿಎಂ-1, ಸಿಡಿಎಂ-4ರಂಥವುಗಳಲ್ಲಿ ಲೇಸರ್ ಗ್ರಾಮಫೋನಿನ ತೋಳಿನಂತೆ ಕಮಾನಿನಲ್ಲಿ ಚಲಿಸುತ್ತಿತ್ತು. ಟಿಯಾಕ್ ಕಂಪನಿಯ ವಿಆರ್‌ಡಿಎಸ್‌ನಲ್ಲಿ ತಟ್ಟೆಯಷ್ಟೇ ಅಗಲದ ಗಟ್ಟಿ ಫಲಕ ತಟ್ಟೆಯನ್ನು ಪೂರ್ತಿ ಅಮುಕಿ ಹಿಡಿದು ಬಾಗದಂತೆ ಮಾಡುತ್ತಿತ್ತು. ಜಪಾನಿನ ಸಿಇಸಿ ಬೆಲ್ಟಿನಿಂದ ತಿರುಗುವ ಟ್ರಾನ್ಸ್‌ಪೋರ್ಟುಗಳಿಗೆ ಹೆಸರಾಯಿತು. ದುಬಾರಿ ಯಂತ್ರಗಳ ಅಚ್ಚುಮೆಚ್ಚಿನ ಫಿಲಿಪ್ಸ್ ಸಿಡಿ-ಪ್ರೋ2 ತಯಾರಿಕೆ ನಿಂತು ವರ್ಷಗಳೇ ಆದವು. ಅದನ್ನು ಹೊತ್ತಿರುವ ಎಷ್ಟೋ ಸುಂದರ ಯಂತ್ರಗಳು ಈಗ ಲೇಸರ್ ಹೋದರೆ ಹೊಸ ಲೇಸರಿಗೆ ಪರದಾಡುತ್ತವೆ. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಒಳಗಿರುವ ಲೇಸರ್ ಪಿಕಪ್ (ಲೇಸರ್, ಲೆನ್ಸ್ ಎರಡನ್ನೂ ಹೊತ್ತ ಭಾಗ) ಯಾವುದು? ಹೆಸರು ಗೊತ್ತಾದರೆ ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಸೋನಿಯ ಕೆಎಸ್‌ಎಸ್-213 ಕುಟುಂಬದ ಪಿಕಪ್‌ಗಳು ಲೆಕ್ಕವಿಲ್ಲದಷ್ಟು ಪ್ಲೇಯರುಗಳಲ್ಲಿ ಬಂದವು. ಆ ಹೆಸರಿನ ಬಿಡಿಭಾಗ ಇಂದಿಗೂ ಸಿಗುತ್ತದೆ, ಗುಣಮಟ್ಟದಲ್ಲಿ ಮಾತ್ರ ಏರಿಳಿತವಿದೆ.

ಇಂದಿನ ಹೊಸ ಯಂತ್ರಗಳು ಎರಡು ಬಗೆಯವು. ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ ತಟ್ಟೆಯನ್ನು ಹಾಡಿನ ವೇಗದಲ್ಲೇ, ಒಂದೇ ಸಲ ಓದುತ್ತದೆ. ಟ್ರೇ ಹೊರಬರುವ ಹಳೆಯ ಪದ್ಧತಿ. ಆಡಿಯೋಲ್ಯಾಬ್‌ನ 6000ಸಿಡಿಟಿ ತಟ್ಟೆಯನ್ನು ಸೀಳಿನೊಳಗೆ ನುಂಗಿಕೊಂಡು, ಮುಂದಿನದನ್ನು ಮೊದಲೇ ಓದಿ ನೆನಪಿನಲ್ಲಿಟ್ಟುಕೊಂಡು ಕಳಿಸುತ್ತದೆ. ಎರಡರಲ್ಲೂ ಹಿಂಬದಿಯಲ್ಲಿ ಕೊಆಕ್ಸಿಯಲ್, ಆಪ್ಟಿಕಲ್ ಎರಡೇ ಹಾದಿ. ಕೆಂಪು-ಬಿಳಿ ತಂತಿ ಸಿಕ್ಕಿಸುವ ಜಾಗವೇ ಇಲ್ಲ. ಹಾಗಾಗಿ ನಿಮ್ಮ ಆಂಪ್ಲಿಫೈಯರಿಗೆ ಡಿಜಿಟಲ್ ಒಳದಾರಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ; ಇಲ್ಲದಿದ್ದರೆ ಡ್ಯಾಕಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಮುಂಚಿತವಾಗಿ ಓದಿಟ್ಟುಕೊಳ್ಳುವ ಯಂತ್ರಕ್ಕೆ ಗೀರಿನ ಮುಂದೆ ತುಸು ಹೊತ್ತು ಸಿಗುತ್ತದೆ. ಒಂದೇ ಸಲ ಓದುವ ಯಂತ್ರಕ್ಕೆ ಎರಡನೆಯ ಅವಕಾಶವಿಲ್ಲ, ಆದರೆ ತಟ್ಟೆ ನಿಧಾನವಾಗಿ ತಿರುಗುವುದರಿಂದ ಸದ್ದು ಕಡಿಮೆ. ತಟ್ಟೆಗಳೆಲ್ಲ ಚೊಕ್ಕವಾಗಿದ್ದರೆ ನಮ್ಮ ಒಲವು ಟ್ರೇ ಇರುವ ಯಂತ್ರದ ಕಡೆಗೆ. ಸೀಳಿನ ಯಂತ್ರದಲ್ಲಿ 8 ಸೆಂಟಿಮೀಟರಿನ ಪುಟ್ಟ ಸಿಡಿ ಹಾಕುವಂತಿಲ್ಲ. ಮದುವೆ ಮನೆಯ ರೆಕಾರ್ಡಿಂಗ್ ಎಂದು ಕಾಗದದ ಲೇಬಲ್ ಅಂಟಿಸಿದ ಸಿಡಿ-ಆರ್ ಹಾಕಿದರೆ, ಲೇಬಲ್ಲಿನ ಅಂಚು ಎದ್ದು ಒಳಗೇ ಸಿಕ್ಕಿಕೊಳ್ಳಬಹುದು. ಮೇಲಿನಿಂದ ತೆರೆಯುವ ಬಗೆಯೂ ಇದೆ, ಪ್ರೊ-ಜೆಕ್ಟ್‌ನ ಸಿಡಿ ಬಾಕ್ಸ್ ಆರ್‌ಎಸ್2 ಟಿ ಅಂಥದ್ದು. ತಟ್ಟೆಯನ್ನು ಕೈಯಾರೆ ಇಟ್ಟು ಮೇಲೆ ಅಯಸ್ಕಾಂತದ ಬಿಲ್ಲೆ ಕೂರಿಸುವ ಸುಖ ಬೇರೆಯೇ. ಆದರೆ ಕಪಾಟಿನಲ್ಲಿ ಮೇಲೆ ಒಂದು ಗೇಣು ಜಾಗ ಬಿಡಬೇಕು, ಮುಚ್ಚಳ ತೆರೆದಾಗಲೆಲ್ಲ ಲೆನ್ಸ್ ಧೂಳಿಗೆ ಮೈಯೊಡ್ಡುತ್ತದೆ.

ಯಾವ ತಟ್ಟೆ ಓದುತ್ತದೆ ಎಂಬ ವಿಚಾರದಲ್ಲಿ ನಮ್ಮವರು ಎಡವುವುದು ಎಂಪಿ3 ಸಿಡಿಯಲ್ಲಿ. ಒಂದೇ ತಟ್ಟೆಯಲ್ಲಿ ನೂರಾರು ಚಿತ್ರಗೀತೆ, ದೇವರನಾಮ ತುಂಬಿದ ಎಂಪಿ3 ಸಿಡಿಗಳು ಒಂದು ಕಾಲಕ್ಕೆ ಮನೆಮನೆಯಲ್ಲೂ ಇದ್ದವು. ಅವು ಆಡಿಯೋ ಸಿಡಿಯಲ್ಲ, ಡೇಟಾ ತಟ್ಟೆ. ಬರೀ ಆಡಿಯೋಗೆಂದು ಮಾಡಿದ ಟ್ರಾನ್ಸ್‌ಪೋರ್ಟುಗಳಲ್ಲಿ ಅನೇಕವು ಅವನ್ನು ಓದುವುದಿಲ್ಲ, ವಿಸಿಡಿಯನ್ನಂತೂ ಇಲ್ಲವೇ ಇಲ್ಲ. ನಿಮ್ಮ ಸಂಗ್ರಹದಲ್ಲಿ ಅಂಥವು ಹೆಚ್ಚಿದ್ದರೆ ಕೈಪಿಡಿಯಲ್ಲಿ ಆ ಸಾಲು ಹುಡುಕಿ, ಇಲ್ಲವೇ ಆ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಎಸ್‌ಎಸಿಡಿಗಳಲ್ಲಿ (ಸಿಡಿಗಿಂತ ಸೂಕ್ಷ್ಮ ದಾಖಲೆಯ ತಟ್ಟೆಗಳು) ಹೈಬ್ರಿಡ್ ಎಂದಿದ್ದರೆ ಅದರ ಸಿಡಿ ಪದರ ಮಾತ್ರ ಕೇಳಿಸುತ್ತದೆ. ಮನೆಯಲ್ಲಿ ಬರೆದ ಸಿಡಿ-ಆರ್ ಬೆಳಕನ್ನು ಮುದ್ರಿತ ಸಿಡಿಗಿಂತ ತುಸು ಕಡಿಮೆ ಹಿಂದಿರುಗಿಸುತ್ತದೆ, ಸಿಡಿ-ಆರ್‌ಡಬ್ಲ್ಯೂ ಬಹಳವೇ ಕಡಿಮೆ. ಲೇಸರ್ ದಣಿಯತೊಡಗಿದಾಗ ಮೊದಲು ಕೈಕೊಡುವುದು ಇವೇ.

ಪ್ರೀ-ಎಂಫಸಿಸ್ ಎಂಬ ಮರೆತುಹೋದ ವಿಷಯವೊಂದಿದೆ, ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. 1980ರ ದಶಕದ ಆರಂಭದ ಕೆಲವು ಸಿಡಿಗಳನ್ನು, ಅದರಲ್ಲೂ ಜಪಾನಿನಲ್ಲಿ ಅಚ್ಚಾದವನ್ನು, ಮೇಲಿನ ಸ್ವರಗಳನ್ನು ಬೇಕೆಂದೇ ಏರಿಸಿ ದಾಖಲಿಸಿದ್ದರು. ಏರಿಕೆ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗಿ 20 ಕಿಲೋಹರ್ಟ್ಸ್ ಮುಟ್ಟುವಷ್ಟರಲ್ಲಿ 9 ಡೆಸಿಬೆಲ್ ದಾಟುತ್ತದೆ. ನುಡಿಸುವಾಗ ಅಷ್ಟನ್ನೂ ಇಳಿಸಬೇಕು, ಆಗ ಕಿರಿಕಿರಿ ಸದ್ದೂ ಜೊತೆಗೇ ಇಳಿಯುತ್ತದೆ. ‘ಇಳಿಸು’ ಎಂಬ ಗುರುತು ತಟ್ಟೆಯಲ್ಲೇ ಇರುತ್ತದೆ. ಹಳೆಯ ಸಿಡಿ ಪ್ಲೇಯರ್ ಅದನ್ನು ನೋಡಿ ತಾನೇ ಇಳಿಸುತ್ತಿತ್ತು. ಎರಡು ಪೆಟ್ಟಿಗೆಯಾದಾಗ ಟ್ರಾನ್ಸ್‌ಪೋರ್ಟ್ ಆ ಗುರುತನ್ನು ಎಸ್‌ಪಿಡಿಫ್ ಮೂಲಕ ದಾಟಿಸಬೇಕು, ಡ್ಯಾಕ್ ಅದನ್ನು ಗಮನಿಸಿ ಇಳಿಸಬೇಕು. ಇಬ್ಬರಲ್ಲಿ ಒಬ್ಬರು ಮರೆತರೂ ಪಿಟೀಲು ಚುಚ್ಚುತ್ತದೆ, ತಂಬೂರಿ ತಗಡಿನಂತೆ ಕೇಳುತ್ತದೆ, ಕೇಳುವವರು ‘ಹಳೆಯ ಸಿಡಿಗಳೇ ಹೀಗೆ’ ಎಂದು ಪಕ್ಕಕ್ಕಿಡುತ್ತಾರೆ. ಈಚಿನ ಡ್ಯಾಕುಗಳಲ್ಲಿ ಈ ಸೌಲಭ್ಯ ಇಲ್ಲದವು ಎಷ್ಟೋ ಇವೆ. ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿ ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ತೆರೆದರೆ ಪ್ರೀ-ಎಂಫಸಿಸ್ ಎಂಬ ಕಾಲಮ್ಮಿನಲ್ಲಿ ಹೌದೋ ಅಲ್ಲವೋ ಕಾಣುತ್ತದೆ. ಹೌದು ಎಂದಿರುವ ಒಂದೇ ಒಂದು ಸಿಡಿ ನಿಮ್ಮಲ್ಲಿದ್ದರೂ ಅದನ್ನು ಪರೀಕ್ಷೆಗೆ ಒಯ್ಯಿರಿ.

ತಂತಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಕೊಆಕ್ಸಿಯಲ್ ದಾರಿಗೆ ಬೇಕಾದದ್ದು 75 ಓಮಿನ ತಂತಿ, ಅಷ್ಟೇ. ಕೇಬಲ್ ಟಿವಿಯವರು ಎಳೆಯುವ ಆರ್‌ಜಿ-6 ಕೂಡ 75 ಓಮಿನದೇ. ಎರಡು ತುದಿಗೂ ಒಳ್ಳೆಯ ಆರ್‌ಸಿಎ ಪಿನ್ನು ಬಿಗಿಯಾಗಿ ಕೂರಿಸಿದರೆ ಒಂದೂವರೆ ಮೀಟರಿನ ಕೆಲಸಕ್ಕೆ ಧಾರಾಳವಾಯಿತು. ಸಾಮಾನ್ಯ ಕೆಂಪು-ಬಿಳಿ ತಂತಿಯಲ್ಲೂ ಹಾಡು ಬರುತ್ತದೆ, ಆದರೆ ತುದಿಗಳಲ್ಲಿ ಸಿಗ್ನಲ್ ಪ್ರತಿಫಲಿಸಿ ತಾಳ ಹಿಡಿಯುವುದು ಕಷ್ಟವಾಗಬಹುದು. ಆಪ್ಟಿಕಲ್ ತಂತಿಗೆ ಒಂದು ವಿಶೇಷ ಗುಣವಿದೆ, ಅದರಲ್ಲಿ ಲೋಹವಿಲ್ಲ. ಕೇಬಲ್ ಟಿವಿಯ ತಂತಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಎಲ್ಲ ಒಂದೇ ಆಂಪ್ಲಿಫೈಯರಿಗೆ ಸೇರಿರುವ ಮನೆಗಳಲ್ಲಿ ಅರ್ಥಿಂಗಿನ ದಾರಿ ಸುತ್ತಿಕೊಂಡು ಗುಂಯ್ ಎನ್ನುತ್ತಿರುತ್ತದೆ. ಕೊಆಕ್ಸಿಯಲ್ ತಂತಿ ಕಿತ್ತಾಗ ಆ ಗುಂಯ್‌ಗಾಟ ನಿಂತರೆ ಆಪ್ಟಿಕಲ್ಲಿಗೆ ಬದಲಿಸಿ. ಅದನ್ನು ಗೋಡೆಯ ಮೂಲೆಯಲ್ಲಿ ಮಡಚಿ ಒತ್ತಬೇಡಿ, ಒಳಗಿನ ಎಳೆ ಸೀಳಿದರೆ ಹಾಡು ಬಿಟ್ಟುಬಿಟ್ಟು ಬರುತ್ತದೆ.

ಹಳೆಯದನ್ನು ಕೊಳ್ಳುವವರಿಗೆ. ಜಪಾನಿನಿಂದ ಬಂದ ಯಂತ್ರ 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. 110 ವೋಲ್ಟಿನ ಸ್ಟೆಪ್‌ಡೌನ್ ಸುಲಭವಾಗಿ ಸಿಗುತ್ತದೆ, ಆದರೆ ಅದೂ ಹತ್ತು ಶೇಕಡಾ ಹೆಚ್ಚೇ; 100 ವೋಲ್ಟಿನದನ್ನೇ ಹುಡುಕಿ ತನ್ನಿ. 50 ವಿಎ ಸಾಮರ್ಥ್ಯ ಸಾಕು. ಯಂತ್ರ ನೋಡಲು ಹೋದಾಗ ತಟ್ಟೆ ಎಲ್ಲಿ ಹಾರುತ್ತದೆ ಎಂದು ಗಮನಿಸಿ. ಯಾವಾಗಲೂ ಒಂದೇ ಜಾಗದಲ್ಲಿ ಹಾರಿದರೆ ದೋಷ ತಟ್ಟೆಯದು. ಎಲ್ಲೆಂದರಲ್ಲಿ ಹಾರಿದರೆ ಯಂತ್ರದ್ದು. ಮೊದಲ ಹಾಡುಗಳಲ್ಲೇ ತಡವರಿಸಿದರೆ ಸಾಮಾನ್ಯವಾಗಿ ತಟ್ಟೆ ತಿರುಗಿಸುವ ಮೋಟಾರು ಸವೆದಿರುತ್ತದೆ, ಏಕೆಂದರೆ ವೇಗ ಹೆಚ್ಚು ಬೇಕಿರುವುದು ಅಲ್ಲೇ. ಕೊನೆಯ ಹಾಡುಗಳಲ್ಲಿ ತೊಂದರೆಯಾದರೆ ಲೇಸರ್ ಜಾರುವ ಕಂಬಿಯ ಗ್ರೀಸ್ ಗಟ್ಟಿಯಾಗಿರಬಹುದು. ಹಳೆಯದನ್ನು ಒರೆಸಿ ತೆಳುವಾಗಿ ಹೊಸದು ಸವರಿದರೆ ಸರಿಹೋಗುತ್ತದೆ. ಟ್ರೇ ಅರ್ಧಕ್ಕೆ ನಿಂತು ಮುಕ್ಕರಿದರೆ ರಬ್ಬರ್ ಬೆಲ್ಟು ಸಡಿಲಗೊಂಡಿದೆ, ಅದು ಅಗ್ಗದ ರಿಪೇರಿ.

ತಟ್ಟೆಯನ್ನೇ ಗುರುತಿಸದಿದ್ದರೆ ಮೊದಲು ಲೆನ್ಸ್ ನೋಡಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಲೆನ್ಸಿನ ಮೇಲೆ ತೆಳ್ಳಗೆ ಬೂಷ್ಟು ಕೂತಿರುವುದುಂಟು. ಬೆಂಗಳೂರಿನಲ್ಲಿ ಧೂಳಿನದೇ ಕಾಟ. ಹತ್ತಿಯ ಕಡ್ಡಿಗೆ ಒಂದು ತೊಟ್ಟು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಭಾರ ಬಿಡದೆ, ಒಂದೆರಡು ಸುತ್ತು ತಿರುಗಿಸಿ. ಲೆನ್ಸ್ ಎಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಮತ್ತೆ ನೆಟ್ಟಗಾಗದು. ಯಂತ್ರಕ್ಕೆ ವಿದ್ಯುತ್ ಇರುವಾಗ ಲೆನ್ಸಿನೊಳಗೆ ಇಣುಕಬೇಡಿ. 780 ನ್ಯಾನೋಮೀಟರಿನ ಕಿರಣ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಪಿಕಪ್ಪಿನ ಪಕ್ಕದಲ್ಲಿ ಒಂದು ಪುಟ್ಟ ತಿರುಪು ಕಾಣುತ್ತದೆ, ಲೇಸರಿನ ಕರೆಂಟ್ ಹೊಂದಿಸುವುದು ಅದು. ಅದನ್ನು ತಿರುಗಿಸಿದರೆ ಸತ್ತಂತಿದ್ದ ಯಂತ್ರ ಎದ್ದು ಹಾಡುತ್ತದೆ ನಿಜ, ಆದರೆ ಹೆಚ್ಚು ಕರೆಂಟಿಗೆ ಬೆಂದು ಲೇಸರ್ ಬೇಗನೆ ಪೂರ್ತಿ ಹೋಗುತ್ತದೆ. ಮಾರುವ ಮುಂಚೆ ಹೀಗೆ ತಿರುಗಿಸಿಟ್ಟ ಯಂತ್ರಗಳೂ ಇರುತ್ತವೆ, ಆದ್ದರಿಂದ ಮುದ್ರಿತ ಸಿಡಿಯೊಂದೇ ಅಲ್ಲದೆ ಸಿಡಿ-ಆರ್ ಕೂಡ ಹಾಕಿ ಒಂದು ಗಂಟೆ ಓಡಿಸಿ ನೋಡಿ.

ಪಿಕಪ್ಪನ್ನೇ ಬದಲಿಸುವುದಾದರೆ ಒಂದು ಎಚ್ಚರಿಕೆ. ಹೊಸ ಕೆಎಸ್‌ಎಸ್-213ರಂಥ ಪಿಕಪ್ಪಿನ ಹಲಗೆಯ ಮೇಲೆ ಎರಡು ಚುಕ್ಕೆಗಳನ್ನು ಸೇರಿಸುವ ಸಣ್ಣ ಬೆಸುಗೆಯ ಹನಿ ಇರುತ್ತದೆ. ಸಾಗಣೆಯಲ್ಲಿ ಸ್ಥಾಯೀ ವಿದ್ಯುತ್ತಿನಿಂದ ಲೇಸರ್ ಸಾಯದಿರಲಿ ಎಂದು ಹಾಕಿದ್ದು. ಪಟ್ಟಿಯಂಥ ತಂತಿಯನ್ನು ಸಿಕ್ಕಿಸಿದ ಮೇಲೆ, ಅರ್ಥಿಂಗ್ ಕೊಟ್ಟ ಬೆಸುಗೆ ಕಡ್ಡಿಯಿಂದ ಅದನ್ನು ತೆಗೆಯಬೇಕು. ಇದು ಗೊತ್ತಿಲ್ಲದೆ ‘ಹೊಸದೂ ಕೆಟ್ಟದ್ದೇ ಬಂತು’ ಎಂದು ಒಳ್ಳೆಯ ಪಿಕಪ್ಪನ್ನು ಎಸೆದವರಿದ್ದಾರೆ.

ತಟ್ಟೆ ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರಾವಣ, ಮೆತ್ತನೆಯ ಬಟ್ಟೆ ಸಾಕು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಒರೆಸಿದಾಗ ಆಗುವ ಗೀರು ಗೆರೆಯ ಉದ್ದಕ್ಕೇ ಮಾಹಿತಿಯನ್ನು ಅಳಿಸುತ್ತದೆ, ಅಡ್ಡ ಗೀರನ್ನಾದರೆ ತಿದ್ದುವ ಲೆಕ್ಕ ಸುಲಭವಾಗಿ ದಾಟಿಕೊಳ್ಳುತ್ತದೆ. ಹೊಳೆಯುವ ಮುಖಕ್ಕಿಂತ ಹೆಸರು ಅಚ್ಚಾದ ಮುಖವೇ ನಾಜೂಕು. ಮಾಹಿತಿಯ ಪದರ ಇರುವುದು ಆ ಕಡೆಗೆ, ಮೇಲೊಂದು ತೆಳು ಲೇಪ ಅಷ್ಟೇ. ಕೆಳಗಿನ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಧೂಳು ಲೇಸರಿಗೆ ಮಸುಕಾಗಿ ಕಾಣುತ್ತದೆ. ಮೇಲಿನ ಪದರ ಕೆರೆದುಹೋದರೆ ಅದಕ್ಕೆ ಮದ್ದಿಲ್ಲ.

ಯಂತ್ರವನ್ನು ಬಿಸಿಯಾಗುವ ಆಂಪ್ಲಿಫೈಯರಿನ ಮೇಲೆ ಇಡಬೇಡಿ. ಇನ್ವರ್ಟರಿನಲ್ಲಿ ನಡೆಸುವುದಿದ್ದರೆ ಸೈನ್ ವೇವ್ ಇನ್ವರ್ಟರೇ ಇರಲಿ, ಚೌಕ ಅಲೆಯದಾದರೆ ಟ್ರಾನ್ಸ್‌ಫಾರ್ಮರ್ ಗುಯ್ಗುಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಯೇ ತೇವ ಆರಿಸುತ್ತದೆ.

ಅಂಗಡಿಗೆ ಹೋಗುವಾಗ ಕೈಯಲ್ಲಿ ಐದು ತಟ್ಟೆ ಇರಲಿ: ಅಂಚಿನವರೆಗೂ ಹಾಡು ತುಂಬಿದ 79 ನಿಮಿಷದ ಸಿಡಿ, ನಿಮ್ಮದೇ ಸಿಡಿ-ಆರ್, ಗೀರಿದ ಒಂದು, ಸಿಕ್ಕರೆ ಪ್ರೀ-ಎಂಫಸಿಸ್ ಇರುವ ಒಂದು, ಮತ್ತೆ ಉದ್ದನೆಯ ರಾಗ-ತಾನ-ಪಲ್ಲವಿ ಒಂದೇ ಟ್ರ್ಯಾಕಿನಲ್ಲಿರುವ ಕಛೇರಿಯ ಸಿಡಿ. ಕೊನೆಯದರಲ್ಲಿ ರಿಮೋಟಿನಿಂದ ತನಿ ಆವರ್ತನದ ಜಾಗಕ್ಕೆ ಹೋಗಲು ಪ್ರಯತ್ನಿಸಿ. ಟ್ರ್ಯಾಕಿನೊಳಗೆ ಮುಂದೋಡುವುದು ಒಂದೇ ವೇಗವಾದರೆ ನಲವತ್ತು ನಿಮಿಷದ ಟ್ರ್ಯಾಕಿನಲ್ಲಿ ಬೆರಳು ಸೋಲುತ್ತದೆ. ಯಂತ್ರದ ಓಟದ ಸದ್ದನ್ನು ಮಾತ್ರ ಅಂಗಡಿಯಲ್ಲಿ ಅಳೆಯಲಾಗದು. ಮನೆಗೆ ತಂದ ಮೊದಲ ರಾತ್ರಿ ಫ್ಯಾನ್ ಆರಿಸಿ, ಆಂಪ್ಲಿಫೈಯರ್ ಮ್ಯೂಟ್ ಮಾಡಿ, ತಟ್ಟೆಯ ಮೊದಲ ಹಾಡು ಹಾಕಿ ನೀವು ಕೂರುವ ಜಾಗದಲ್ಲಿ ಕೂತು ಕೇಳಿ. ತಟ್ಟೆ ಹೆಚ್ಚು ವೇಗವಾಗಿ ತಿರುಗುವುದು ಆಗಲೇ. ಆ ಜಾಗಕ್ಕೆ ಸುಂಯ್ ಎಂಬ ಸದ್ದು ಬಂದರೆ ಆಲಾಪನೆಯ ಬಿಡುವುಗಳಲ್ಲೆಲ್ಲ ಬರುತ್ತದೆ. ವಾಪಸು ತೆಗೆದುಕೊಳ್ಳುವ ಅವಧಿ ಎಷ್ಟು ದಿನ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ತನ್ನಿ.